ಹೊಸ ಕಾರಿನ ಹೊಳಪು ಪೂಜೆಯ ದಿನವೇ ಮಾಸಬೇಕೆ?

ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿಯ ಕಾಂತೇಶ, ಹಿರೇಕೆರೂರು ತಾಲ್ಲೂಕಿನ ಸಾತೇನಹಳ್ಳಿಯ ಶಾಂತೇಶ, ಶಿವಮೊಗ್ಗ ಜಿಲ್ಲೆ ಶಿಕಾರಿಪುರದ ಭ್ರಾಂತೇಶ. ಈ ಮೂರೂ ಕ್ಷೇತ್ರಗಳ ಆಂಜನೇಯನ ದರ್ಶನವನ್ನು ಒಂದೇ ದಿನದಲ್ಲಿ ಪೂರೈಸುವುದು ಪುಣ್ಯಕರ ಎಂಬ ನಂಬಿಕೆ ಈ ಭಾಗದಲ್ಲಿ ಬಲವಾಗಿದೆ. ಹೊಸ ಕಾರು ಕೊಂಡವರು ಮೊದಲ ಪ್ರಯಾಣವನ್ನೇ ಇಂತಹ ಯಾತ್ರೆಗೆ ಮೀಸಲಿಡುವುದುಂಟು. ಬಾನೆಟ್ ಮೇಲೆ ಅರಿಶಿನ ಕುಂಕುಮದ ಸ್ವಸ್ತಿಕ, ಮುಂಭಾಗಕ್ಕೆ ಹೂಮಾಲೆ, ಚಕ್ರದಡಿ ನಿಂಬೆಹಣ್ಣು. ಅಲ್ಲಿಂದ ದಿನವಿಡೀ ಬಿಸಿಲು, ಎರೆ ಮತ್ತು ಮಸಾರಿ ಮಣ್ಣಿನ ಧೂಳು. ಸಂಜೆ ಮನೆ ಮುಟ್ಟಿದ ಮೇಲೆ ಒಣಬಟ್ಟೆಯಿಂದ ಕುಂಕುಮ, ಧೂಳು ಎರಡನ್ನೂ ಒಟ್ಟಿಗೆ ಒರೆಸಲಾಗುತ್ತದೆ. ಕಾರಿನ ಬಣ್ಣಕ್ಕೆ ಮೊದಲ ಗೀರುಗಳು ಬೀಳುವುದು ಆ ಗಳಿಗೆಯಲ್ಲೇ.

ಇದು ಪೂಜೆಯ ದೋಷವಲ್ಲ, ಒರೆಸಿದ ಬಗೆಯ ದೋಷ. ಅದನ್ನು ತಿಳಿಯಬೇಕಾದರೆ ಬಣ್ಣದ ರಚನೆಯನ್ನು ಸ್ವಲ್ಪ ಅರಿಯಬೇಕು.

ಇಂದಿನ ಕಾರುಗಳಲ್ಲಿ ನಾವು 'ಬಣ್ಣ' ಎಂದು ಕರೆಯುವುದು ಹಲವು ಪದರಗಳ ಸಮೂಹ. ಉಕ್ಕಿನ ತಗಡಿಗೆ ಮೊದಲು ಫಾಸ್ಫೇಟ್ ಲೇಪ. ಅದರ ಮೇಲೆ ವಿದ್ಯುತ್ತಿನ ನೆರವಿನಿಂದ ಅಂಟಿಸುವ ತುಕ್ಕುನಿರೋಧಕ ಪ್ರೈಮರ್, ನಂತರ ಮೇಲ್ಮೈಯನ್ನು ಸಮಗೊಳಿಸುವ ಪ್ರೈಮರ್, ಬಣ್ಣದ ಪದರ, ಕೊನೆಯಲ್ಲಿ ಬಣ್ಣವೇ ಇಲ್ಲದ ಪಾರದರ್ಶಕ ಪದರ. ಎಲ್ಲವೂ ಸೇರಿ ಸುಮಾರು 100ರಿಂದ 120 ಮೈಕ್ರಾನ್ ದಪ್ಪ. ಪಾರದರ್ಶಕ ಪದರದ ಪಾಲು ಅದರಲ್ಲಿ ಸುಮಾರು 40 ಮೈಕ್ರಾನ್, ಅಂದರೆ ತಲೆಗೂದಲಿಗಿಂತಲೂ ತೆಳು. ಕಣ್ಣಿಗೆ ಕಾಣುವ ಹೊಳಪು ಈ ಪದರದ್ದು. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ರಾಸಾಯನಿಕಗಳೂ ಇದರಲ್ಲೇ ಇವೆ. ಒಮ್ಮೆ ಸವೆದರೆ ಇದು ತಾನಾಗಿ ಬೆಳೆಯುವುದಿಲ್ಲ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದವರಿಗೆ ಒಂದು ನೆನಪಿರಬಹುದು. ಆ ಕಾರುಗಳನ್ನು ಪಾಲಿಷ್ ಹಾಕಿ ಉಜ್ಜಿದರೆ ಬಟ್ಟೆಗೆ ಕಾರಿನ ಬಣ್ಣವೇ ಹತ್ತುತ್ತಿತ್ತು. ಅಲ್ಲಿ ಪಾರದರ್ಶಕ ಪದರವಿರಲಿಲ್ಲ. ಬಣ್ಣ ಸವೆಯುತ್ತಿರುವುದು ಕಣ್ಣಿಗೆ ಕಂಡು ಕೈ ತಾನಾಗಿ ನಿಲ್ಲುತ್ತಿತ್ತು. ಈಗ ಸವೆಯುವ ಪದರಕ್ಕೆ ಬಣ್ಣವಿಲ್ಲದ ಕಾರಣ ಅಂಥ ಎಚ್ಚರಿಕೆಯೂ ಸಿಗುವುದಿಲ್ಲ.

ಹೊಳಪು ಎಂದರೆ ಮೂಲತಃ ನುಣುಪು. ನುಣುಪಾದ ಮೇಲ್ಮೈಗೆ ಬಿದ್ದ ಬೆಳಕು ಒಂದೇ ದಿಕ್ಕಿನಲ್ಲಿ ಮರಳುತ್ತದೆ, ಗೀರುಗಳಿದ್ದರೆ ಚದುರುತ್ತದೆ. ಚನ್ನಪಟ್ಟಣದ ಗೊಂಬೆಗಳನ್ನು ಗಮನಿಸಿ: ತಿರುಗುವ ಮರಕ್ಕೆ ಅರಗಿನ ಬಣ್ಣ ಹಿಡಿಸಿದ ನಂತರ ಕುಶಲಕರ್ಮಿ ಕೇದಿಗೆಯ ಗರಿಯನ್ನು ಒತ್ತಿ ಹಿಡಿಯುತ್ತಾನೆ. ಹೊಸದಾಗಿ ಏನನ್ನೂ ಬಳಿಯದಿದ್ದರೂ ಗೊಂಬೆ ಹೊಳೆಯುತ್ತದೆ, ಏಕೆಂದರೆ ಮೇಲ್ಮೈ ಸಮನಾಯಿತು. ಕಾರಿಗೂ ಇದೇ ನಿಯಮ.

ನಮ್ಮ ರಸ್ತೆಯ ಧೂಳಿನಲ್ಲಿ ಮರಳಿನ ಕಣಗಳಿರುತ್ತವೆ. ಮರಳು ಪಾರದರ್ಶಕ ಪದರಕ್ಕಿಂತ ಬಹಳ ಗಡಸು. ಒಣಬಟ್ಟೆಯಿಂದ ಒರೆಸಿದಾಗ ಬಟ್ಟೆ ಉಪ್ಪುಕಾಗದದಂತೆ ವರ್ತಿಸುತ್ತದೆ. ಸೂರ್ಯನ ಬೆಳಕಿನಲ್ಲಿ ಕಪ್ಪು ಕಾರಿನ ಮೇಲೆ ಜೇಡರಬಲೆಯಂತೆ ಕಾಣುವ ವೃತ್ತಾಕಾರದ ಗೆರೆಗಳು ಹೀಗೆ ಹುಟ್ಟುತ್ತವೆ. ಬೆಳಿಗ್ಗೆ ಎದ್ದು ಗರಿಗಳ ಪೊರಕೆಯಿಂದಲೋ ಹಳೆಯ ಬನಿಯನ್ನಿನಿಂದಲೋ ಕಾರು ಜಾಡಿಸುವ ನಗರವಾಸಿಗಳ ಕಾರುಗಳಲ್ಲಿ ಈ ಗೆರೆಗಳೇ ಹೆಚ್ಚು ಎಂದರೆ ಕೆಲವರಿಗೆ ಬೇಸರವಾದೀತು.

ಅರಿಶಿನದ ವಿಷಯ ಬೇರೆ. ಅದರ ಹಳದಿ ಬಣ್ಣಕ್ಕೆ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಸಾಂಪ್ರದಾಯಿಕ ಕುಂಕುಮ ತಯಾರಾಗುವುದೂ ಅರಿಶಿನಕ್ಕೆ ಸುಣ್ಣ ಸೇರಿಸಿಯೇ. ಆದುದರಿಂದ ಬಟ್ಟೆ ಒಗೆಯುವ ಪುಡಿಯಿಂದ ಅರಿಶಿನದ ಕಲೆ ತೊಳೆಯಲು ಹೋದರೆ ಬಿಳಿ ಕಾರಿನ ಮೇಲೆ ಕೆಂಪು ಮೂಡಿ ಗಾಬರಿಯಾಗುವುದು ಸಹಜ. ತಾಳ್ಮೆಯಿಂದಿರಿ, ಅರಿಶಿನದ ಕಲೆ ಬಿಸಿಲಿಗೆ ತಾನಾಗಿ ಮಾಸುತ್ತದೆ. ಕೃತಕ ಬಣ್ಣ ಸೇರಿದ ಕುಂಕುಮವಾದರೆ ಅಷ್ಟು ಸುಲಭವಲ್ಲ. ತಿಲಕವನ್ನು ಬಾನೆಟ್ ಬದಲು ಗಾಜಿನ ಮೇಲೆ ಇಡುವಂತೆ ಅರ್ಚಕರಲ್ಲಿ ವಿನಂತಿಸಬಹುದು. ಹೂಮಾಲೆಯನ್ನು ಊರು ದಾಟುವ ಮುನ್ನ ಬಿಚ್ಚಿಡುವುದು ಒಳಿತು, ವೇಗದ ಗಾಳಿಗೆ ಅದರ ದಾರ ಬಣ್ಣವನ್ನು ಉಜ್ಜುತ್ತಲೇ ಇರುತ್ತದೆ. ನಿಂಬೆಹಣ್ಣಿನಿಂದ ಬಣ್ಣಕ್ಕೆ ಯಾವ ತೊಂದರೆಯೂ ಇಲ್ಲ!

ತೊಳೆಯುವ ಕ್ರಮದಲ್ಲೇ ಅರ್ಧ ರಕ್ಷಣೆ ಅಡಗಿದೆ. ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಬಾನೆಟ್ ತಣ್ಣಗಾದ ಮೇಲೆ, ಕೈ ತಾಗಿಸದೆ ಮೊದಲು ಧಾರಾಳವಾಗಿ ನೀರು ಹಾಯಿಸಿ ಧೂಳು ಇಳಿಸಬೇಕು. ನಂತರ ಕಾರಿಗೆಂದೇ ತಯಾರಾದ ಶಾಂಪೂ. ಬಕೆಟ್ ಎರಡಿರಲಿ, ಒಂದರಲ್ಲಿ ಶಾಂಪೂ ನೀರು, ಮತ್ತೊಂದರಲ್ಲಿ ಬಟ್ಟೆಯ ಮಣ್ಣು ಜಾಲಾಡಲು ಬರಿಯ ನೀರು. ಮೇಲ್ಛಾವಣಿಯಿಂದ ಆರಂಭಿಸಿ ಕೆಳಗೆ ಇಳಿಯಬೇಕು, ಚಕ್ರಗಳಿಗೆ ಬೇರೆ ಬಟ್ಟೆ. ಕೊಳವೆಬಾವಿಯ ಗಡಸು ನೀರು ಕಾರಿನ ಮೇಲೆ ಹಾಗೆಯೇ ಒಣಗಿದರೆ ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಿಳಿ ಚುಕ್ಕೆಗಳಾಗಿ ಉಳಿಯುತ್ತವೆ. ಆದ್ದರಿಂದ ಮೈಕ್ರೋಫೈಬರ್ ಬಟ್ಟೆಯಿಂದ ಕೂಡಲೇ ನೀರು ಹೀರಬೇಕು. ಉಳಿದ ಚುಕ್ಕೆಗಳಿಗೆ ಸಮಪಾಲು ನೀರು ಬೆರೆಸಿದ ವಿನೆಗರ್ ಸವರಿ ತಕ್ಷಣ ತೊಳೆದರೆ ಸಾಕು. ಸೀಮೆಎಣ್ಣೆ ಅಥವಾ ಡೀಸೆಲ್ ಸವರಿ ಹೊಳಪು ತರಿಸುವ ಹಳೆಯ ರೂಢಿಯನ್ನು ಮಾತ್ರ ಬಿಡಲೇಬೇಕು. ಆ ಹೊಳಪು ಎಣ್ಣೆಯದು. ಅದು ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ, ರಬ್ಬರ್ ಪಟ್ಟಿಗಳನ್ನು ಹಾಳುಮಾಡುತ್ತದೆ. ಮರದಡಿ ನಿಲ್ಲಿಸುವವರು ಹಕ್ಕಿಯ ಹಿಕ್ಕೆಯನ್ನು ಮರುದಿನಕ್ಕೆ ಬಿಡಬಾರದು. ಬಿಸಿಲಿಗೆ ಮೆತ್ತಗಾದ ಪದರ ಸಂಜೆ ತಣಿಯುವಾಗ ಹಿಕ್ಕೆಯ ಅಚ್ಚನ್ನು ಹಿಡಿದುಕೊಂಡೇ ಗಟ್ಟಿಯಾಗುತ್ತದೆ.

ಇನ್ನು ರಕ್ಷಣಾ ಲೇಪಗಳು. ಎಲ್ಲಕ್ಕಿಂತ ಹಳೆಯದು ಮೇಣ. ಈಶಾನ್ಯ ಬ್ರೆಜಿಲ್‌ನ ಒಂದು ಜಾತಿಯ ತಾಳೆಯ ಗರಿಗಳಿಂದ ದೊರೆಯುವ ಕಾರ್ನೌಬಾ ಮೇಣ ಸುಮಾರು 82 ಡಿಗ್ರಿ ಸೆಲ್ಸಿಯಸ್‌ವರೆಗೂ ಕರಗದು. ನೋಟಕ್ಕೆ ಬಹು ಸೊಗಸು, ಆದರೆ ನಮ್ಮ ಬೇಸಿಗೆಯಲ್ಲಿ ಕೆಲವು ವಾರಗಳಷ್ಟೇ ಬಾಳಿಕೆ. ಕೃತಕ ಪಾಲಿಮರ್‌ನ ಸೀಲಂಟ್ ನಾಲ್ಕಾರು ತಿಂಗಳು ನಿಲ್ಲುತ್ತದೆ. ಸೆರಾಮಿಕ್ ಲೇಪ ಸಿಲಿಕಾ ಆಧಾರಿತ ದ್ರವ. ಅದು ಪಾರದರ್ಶಕ ಪದರಕ್ಕೆ ರಾಸಾಯನಿಕವಾಗಿ ಅಂಟಿ ಗಟ್ಟಿಯಾಗುತ್ತದೆ, ಸರಿಯಾಗಿ ನೋಡಿಕೊಂಡರೆ ಎರಡು ಮೂರು ವರ್ಷ ಬಾಳುತ್ತದೆ. ನೀರು ಮಣಿಗಳಾಗಿ ಉರುಳಿಹೋಗುವುದರಿಂದ ತೊಳೆಯುವುದು ಸುಲಭ.

ಇಲ್ಲಿ ಗ್ರಾಹಕರು ಮೋಸಹೋಗುವ ಎರಡು ಪದಗಳಿವೆ. ಒಂದು '9ಎಚ್ ಗಡಸುತನ'. ಇದು ರತ್ನಗಳ ಗಡಸುತನವನ್ನು ಅಳೆಯುವ ಮೋಸ್ ಮಾಪಕದ 9 ಅಲ್ಲ. ಬೇರೆ ಬೇರೆ ಗಡಸಿನ ಸೀಸದ ಕಡ್ಡಿಗಳಿಂದ ಗೀರಿ ನೋಡುವ ಪರೀಕ್ಷೆಯ ಅಂಕ. ಒಂದೆರಡು ಮೈಕ್ರಾನ್ ದಪ್ಪದ ಲೇಪ ಕಲ್ಲಿನ ಏಟನ್ನಾಗಲಿ ಕೀಲಿಯ ಗೀರನ್ನಾಗಲಿ ತಡೆಯದು. ಇನ್ನೊಂದು 'ಟೆಫ್ಲಾನ್'. ಟೆಫ್ಲಾನ್ ಕರಗುವುದೇ 327 ಡಿಗ್ರಿಯಲ್ಲಿ. ಬಾಣಲೆಗೆ ಹಿಡಿಸುವಂತೆ ಅದನ್ನು ಕಾರಿನ ಮೇಲೆ ಕಾಯಿಸಿ ಹಿಡಿಸಿದರೆ ಬಣ್ಣವೇ ಸುಟ್ಟುಹೋಗುತ್ತದೆ. ಆ ಹೆಸರಿನಲ್ಲಿ ಬಳಿಯುವ ಲೇಪದಲ್ಲಿ ಕೆಲಸ ಮಾಡುವುದು ಅದರೊಳಗಿನ ಸಾಮಾನ್ಯ ಮೇಣ ಅಥವಾ ಪಾಲಿಮರ್.

ಕಲ್ಲಿನ ಏಟಿಗೆ ನಿಜವಾದ ತಡೆ 150ರಿಂದ 200 ಮೈಕ್ರಾನ್ ದಪ್ಪದ ಪಾಲಿಯುರೆಥೇನ್ ಹಾಳೆ ಮಾತ್ರ. ಇಡೀ ಕಾರಿಗೆ ಹಾಕಿಸುವುದು ದುಬಾರಿ. ಹೆದ್ದಾರಿಯಲ್ಲಿ ಹೆಚ್ಚು ಓಡಾಡುವವರು ಬಾನೆಟ್ ಮತ್ತು ಮುಂಭಾಗದ ಬಂಪರಿಗಷ್ಟೇ ಹಾಕಿಸಬಹುದು. ಮನೆಯಲ್ಲಿ ನೆರಳಿನ ವ್ಯವಸ್ಥೆ ಇರುವವರಿಗೆ ವರ್ಷಕ್ಕೆ ಎರಡು ಮೂರು ಬಾರಿ ಸ್ವತಃ ಹಚ್ಚುವ ಸೀಲಂಟ್ ಸಾಕೆಂಬುದು ಈ ಲೇಖಕನ ಅಭಿಪ್ರಾಯ. ಕಾರು ದಿನವಿಡೀ ಬಿಸಿಲಿನಲ್ಲಿ ನಿಲ್ಲುವುದಾದರೆ, ಅದನ್ನು ಏಳೆಂಟು ವರ್ಷ ಇಟ್ಟುಕೊಳ್ಳುವ ಉದ್ದೇಶವಿದ್ದರೆ ಸೆರಾಮಿಕ್‌ಗೆ ಹಣ ಹಾಕುವುದರಲ್ಲಿ ಅರ್ಥವಿದೆ.

ಯಾವ ಲೇಪವಾದರೂ ಅಡಿಯಲ್ಲಿರುವ ಗೀರು, ಕೊಳೆಗಳ ಮೇಲೆಯೇ ಕೂರುತ್ತದೆ. ಆದ್ದರಿಂದ ತೊಳೆದ ಬಳಿಕ ವಿಶೇಷ ಜೇಡಿಯಿಂದ ಅಂಟಿದ ಕಣಗಳನ್ನು ತೆಗೆದು, ಅಗತ್ಯವಿದ್ದರೆ ಮಾತ್ರ ಪಾಲಿಷ್ ಮಾಡಿಸಬೇಕು. ಪಾಲಿಷ್ ಎಂದರೆ ಪಾರದರ್ಶಕ ಪದರವನ್ನು ತುಸು ಕೆರೆಯುವುದು. ಪ್ರತಿ ಸರ್ವಿಸಿಗೂ 'ರಬ್ಬಿಂಗ್' ಮಾಡಿಸುವವರು 40 ಮೈಕ್ರಾನಿನ ಠೇವಣಿಯಿಂದ ಪ್ರತಿಬಾರಿ ಹಣ ತೆಗೆಯುತ್ತಿದ್ದಾರೆ ಎಂದೇ ತಿಳಿಯಬೇಕು. ಕೆಲಸಕ್ಕೆ ಮುನ್ನ ಬಣ್ಣದ ದಪ್ಪ ಅಳೆಯುವ ಮಾಪಕ ಇದೆಯೇ ಎಂದು ಕೇಳಿ. ಇಲ್ಲವೆಂದರೆ ಬೇರೆ ಕಡೆ ಹೋಗಿ.

ಕಾರ್ಖಾನೆಯಲ್ಲಿ ಬಣ್ಣವನ್ನು ಸುಮಾರು 140 ಡಿಗ್ರಿಯಲ್ಲಿ ಬೇಯಿಸಿರುತ್ತಾರೆ. ಹಾಗಾಗಿ ಹೊಸ ಕಾರಿಗೆ ಮೊದಲ ದಿನವೇ ಲೇಪ ಹಾಕಿಸಲು ಅಡ್ಡಿಯಿಲ್ಲ. ಅಪಘಾತದ ನಂತರ ಗ್ಯಾರೇಜಿನಲ್ಲಿ ಬಳಿಸಿದ ಬಣ್ಣ ಪೂರ್ತಿ ಗಟ್ಟಿಯಾಗಲು ಮಾತ್ರ ಒಂದೆರಡು ತಿಂಗಳು ಬೇಕು. ಸೆರಾಮಿಕ್ ಹಾಕಿಸಿದ ಮೇಲೆ ಸುಮಾರು ಒಂದು ವಾರ ಕಾರು ತೊಳೆಯುವಂತಿಲ್ಲ, ಅದರ ಮೇಲೆ ಏನನ್ನೂ ಬಳಿಯುವಂತಿಲ್ಲ. ಹೀಗಾಗಿ ಪೂಜೆಯನ್ನು ಮೊದಲು ಮುಗಿಸಿ, ಕಾರು ತೊಳೆಸಿ, ನಂತರ ಲೇಪಕ್ಕೆ ಬಿಡುವುದೇ ಸರಿಯಾದ ಕ್ರಮ.