ಪೆಟ್ಟಿಗೆಯ ಬೆನ್ನಿನ ಆಟಗಾರರು

ತಿನಿಸು ತೀರಿದ ಮೇಲೆ ಪೊಟ್ಟಣವನ್ನು ಎಸೆಯುವುದು ಲೋಕರೂಢಿ. ಆ ರೂಢಿಯನ್ನು ಮೀರಿ ಉಳಿದ ಕೆಲವು ರಟ್ಟಿನ ಚಿತ್ರಗಳನ್ನು ಅಮೆರಿಕದ ಸಂಗ್ರಾಹಕರು ಜೋಪಾನ ಮಾಡುತ್ತಾರೆ.

1935ರಿಂದ 1941ರವರೆಗೆ ವೀಟೀಸ್ ಎಂಬ ಗೋಧಿ ತಿನಿಸಿನ ಪೆಟ್ಟಿಗೆಗಳ ಬೆನ್ನಿನಲ್ಲಿ ಬೇಸ್‌ಬಾಲ್ ಆಟಗಾರರ ದೊಡ್ಡ ಚಿತ್ರಗಳು ಅಚ್ಚಾಗುತ್ತಿದ್ದವು. 1954ರಲ್ಲಿ ವಿಲ್ಸನ್ ಕಂಪನಿಯು ಮಾಂಸದ ಸಾಸೇಜಿನ ಪೊಟ್ಟಣದೊಳಗೇ ಕಾರ್ಡುಗಳನ್ನಿಟ್ಟಿತು. ಟೆಡ್ ವಿಲಿಯಮ್ಸ್‌ರಂಥವರ ಚಿತ್ರಕ್ಕೂ ಜಿಡ್ಡು ತಪ್ಪಲಿಲ್ಲ. 1975ರಿಂದ 1979ರವರೆಗೆ ಹೋಸ್ಟೆಸ್ ಕೇಕುಗಳ ಪೆಟ್ಟಿಗೆಯ ತಳದಲ್ಲಿ ಮೂರು ಕಾರ್ಡುಗಳ ಪಟ್ಟಿಯಿರುತ್ತಿತ್ತು. ಕತ್ತರಿಸದೆ ಉಳಿದ ಪಟ್ಟಿಗೆ ಬಿಡಿ ಕಾರ್ಡುಗಳಿಗಿಂತ ಹೆಚ್ಚಿನ ಬೆಲೆ.

ಇವುಗಳ ರಕ್ಷಣೆಯಲ್ಲಿ ಮೊದಲ ತೊಡಕು ಅಳತೆಯದು. 1957ರಲ್ಲಿ ಟಾಪ್ಸ್ ಕಂಪನಿಯು ಎರಡೂವರೆ ಅಂಗುಲ ಅಗಲ, ಮೂರೂವರೆ ಅಂಗುಲ ಉದ್ದದ ಕಾರ್ಡನ್ನು ರೂಢಿಗೆ ತಂದಿತು. ಸಾಮಾನ್ಯ ಕವಚಗಳು ಈ ಅಳತೆಯವೇ. ದೊಡ್ಡ ರಟ್ಟು ಅವುಗಳಲ್ಲಿ ಹಿಡಿಸದೆಂದು ಅಂಚನ್ನು ಕತ್ತರಿಸುವುದು ಸಲ್ಲದು. ಕವಚವನ್ನು ಚಿತ್ರಕ್ಕೆ ಹೊಂದಿಸಬೇಕೇ ಹೊರತು ಚಿತ್ರವನ್ನು ಕವಚಕ್ಕಲ್ಲ.

ಎರಡನೆಯದು ರಟ್ಟಿನ ಗುಣ. ಮರದ ತಿರುಳಿನ ಅಗ್ಗದ ರಟ್ಟಿನಲ್ಲಿ ಆಮ್ಲ ಹುಟ್ಟುತ್ತದೆ; ಬೆಳಕು ಬಿದ್ದರೆ ಅದು ಹಳದಿಗಟ್ಟಿ ಪೆಡಸಾಗುತ್ತದೆ. ಪಿ.ವಿ.ಸಿ. ಹಾಳೆ ಕಾಲಾಂತರದಲ್ಲಿ ಚಿತ್ರಕ್ಕೆ ಅಂಟಿಕೊಳ್ಳಬಹುದು; ಪಾಲಿಯೆಸ್ಟರ್ ಹೊದಿಕೆ ನಿರಪಾಯಕರ. ಹಿಂಬದಿಗೆ ಆಮ್ಲರಹಿತ ರಟ್ಟಿನ ಆಸರೆಯಿಟ್ಟು, ತಂಪಾದ, ಒಣಗಿದ, ಕತ್ತಲೆಯ ಎಡೆಯಲ್ಲಿ ಮಲಗಿಸಿಡಬೇಕು. ತಿನಿಸಿನ ಕಣ ಕೀಟಗಳನ್ನು ಕರೆಯುವುದರಿಂದ ಮೃದು ಕುಂಚದಿಂದ ಒರಸಬೇಕು, ನೀರು ತಾಗಿಸಬಾರದು.

ಹಳೆಯ ಜಿಡ್ಡು, ಮಗುವಿನ ಕತ್ತರಿಯ ಡೊಂಕುಗೆರೆ, ಇವು ಆ ವಸ್ತುವಿನ ಚರಿತ್ರೆ. ಅವನ್ನು ಅಳಿಸಿ ಅಂದಗೊಳಿಸಿದರೆ ಚಿತ್ರ ಉಳಿದೀತು. ಅದು ಯಾವುದೋ ಮನೆಯ ಊಟದ ಮೇಜಿನ ಮೇಲಿತ್ತೆಂಬ ಸಾಕ್ಷ್ಯ ಉಳಿಯದು.