ಕರಡು ತಿದ್ದುವ ಕಿಣ್ವ
ಮೈಸೂರಿನ ಕೆ.ಆರ್.ಎಸ್. ರಸ್ತೆಯ ಕ್ಷಯರೋಗ ಆಸ್ಪತ್ರೆಯನ್ನು ಹಾದುಹೋಗುವಾಗಲೆಲ್ಲ ನನಗೊಂದು ಕಿಣ್ವ ನೆನಪಾಗುತ್ತದೆ.

ಡಿಎನ್‌ಎಯಲ್ಲಿ ಗ್ವಾನಿನ್‌ಗೆ ಸಿಟೋಸಿನ್ ಜೋಡಿ. ಸಿಟೋಸಿನ್ ತಾನಾಗಿ ಕೆಟ್ಟು ಯುರಾಸಿಲ್ ಆದರೆ ಜೋಡಿ ತಪ್ಪುತ್ತದೆ. ಆ ತಪ್ಪಕ್ಷರವನ್ನು ಕಿತ್ತೊಗೆಯುವುದೇ ಯುರಾಸಿಲ್ ಡಿಎನ್‌ಎ ಗ್ಲೈಕೋಸಿಲೇಸ್. 1974ರಲ್ಲಿ ಇದನ್ನು ಗುರುತಿಸಿದ ಥಾಮಸ್ ಲಿಂಡಾಲ್, ಡಿಎನ್‌ಎ ದುರಸ್ತಿಯ ಸಂಶೋಧನೆಗಾಗಿ 2015ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡರು.

ನಮ್ಮನ್ನು ಕಾಯುವ ಈ ಕಿಣ್ವ ಕ್ಷಯಾಣುವಿನಲ್ಲೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಮೇಶ್ ವಾರ್ಷ್ನೇಯ ಅವರ ತಂಡ ಕ್ಷಯಾಣುವಿನ ನಿರುಪದ್ರವಿ ಬಂಧುವೊಂದರಲ್ಲಿ ಅದನ್ನು ಇಲ್ಲವಾಗಿಸಿತು. 2003ರಲ್ಲಿ ಪ್ರಕಟವಾದ ಫಲಿತಾಂಶ: ಇಲಿಯ ರಕ್ಷಕಕೋಶಗಳೊಳಗೆ ಆ ಬ್ಯಾಕ್ಟೀರಿಯಾದ ಉಳಿವು ಕುಗ್ಗಿತು; ಆದರೆ ವಿಕೃತಿಗಳು ಹೆಚ್ಚಿದವು. ಔಷಧಕ್ಕೆ ಬಗ್ಗದ ಕ್ಷಯ ಹುಟ್ಟುವುದೂ ವಿಕೃತಿಗಳಿಂದಲೇ. ಈ ಕಿಣ್ವವನ್ನು ತಡೆಯುವ ಮದ್ದು ಅರಸುವವರು ಕೈಗೆತ್ತಿಕೊಳ್ಳುವುದು ಇಬ್ಬಾಯಿಯ ಖಡ್ಗವನ್ನು.