ಹಾರ್ಟ್ ಮನೆತನದ ಬೆಳ್ಳಿಯ ಕೆಲಸ

ಸಂಘವೊಂದು ಅಳಿದ ಮೇಲೆ ಅದರ ವಿದ್ಯೆಯು ಉಳಿಯಬಲ್ಲುದೆ? ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ಪ್ರಾಂತದ ಚಿಪ್ಪಿಂಗ್ ಕ್ಯಾಂಪ್ಡನ್ ಎಂಬ ಸಣ್ಣ ಊರಿನಲ್ಲಿ ಇದಕ್ಕೆ ಉತ್ತರವಿದೆ. ಅಲ್ಲಿಯ ಹಾರ್ಟ್ ಮನೆತನದ ವೃತ್ತಾಂತವನ್ನು ವಾಚಕರಿಗೆ ನಿವೇದಿಸುತ್ತೇವೆ.

1888ರಲ್ಲಿ ಸಿ. ಆರ್. ಆಶ್‌ಬಿ ಎಂಬ ವಾಸ್ತುಶಿಲ್ಪಿಗಳು ಲಂಡನ್ನಿನ ಪೂರ್ವಭಾಗದಲ್ಲಿ ಕೈಕಸುಬುದಾರರ ಸಂಘವನ್ನು ಸ್ಥಾಪಿಸಿದರು. ಯಂತ್ರಯುಗದಲ್ಲಿ ಕೆಲಸಗಾರನು ತನ್ನ ಕೆಲಸದ ಆನಂದವನ್ನೇ ಕಳೆದುಕೊಂಡನೆಂಬುದು ಅವರ ಕೊರಗು. 1902ರಲ್ಲಿ ಕಸುಬುದಾರರೂ ಅವರ ಹೆಂಡಿರು ಮಕ್ಕಳೂ ಸೇರಿ ಸುಮಾರು 150 ಜನರು ನಗರವನ್ನು ತೊರೆದು ಕ್ಯಾಂಪ್ಡನ್ನಿಗೆ ಬಂದರು. ಅಲ್ಲಿಯ ಹಳೆಯ ರೇಷ್ಮೆಯ ಗಿರಣಿಯೇ ಅವರ ಕಾರ್ಯಶಾಲೆಯಾಯಿತು.

ಆದರೆ ಸತ್ಸಂಕಲ್ಪವೊಂದರಿಂದಲೇ ವ್ಯಾಪಾರವು ನಡೆಯದು. ಮಾಡುವವರು ಹಳ್ಳಿಯಲ್ಲಿ, ಕೊಳ್ಳುವವರು ದೂರದ ಲಂಡನ್ನಿನಲ್ಲಿ. ಇತ್ತ ದೊಡ್ಡ ಅಂಗಡಿಗಳು ಅದೇ ಬಗೆಯ ಸಾಮಾನುಗಳನ್ನು ಯಂತ್ರದಿಂದ ಮಾಡಿಸಿ ಅಗ್ಗವಾಗಿ ಮಾರಿದವು. 1908ರಲ್ಲಿ ಸಂಘವು ಮುಚ್ಚಿತು. ಅನೇಕರು ಚದರಿಹೋದರು, ಉಳಿದ ಕೆಲವರಲ್ಲಿ ಜಾರ್ಜ್ ಹಾರ್ಟ್ ಒಬ್ಬರು. ಅವರು ಅದೇ ಗಿರಣಿಯಲ್ಲಿ ಬೆಳ್ಳಿಯ ಕೆಲಸವನ್ನು ಮುಂದುವರಿಸಿದರು. ಅವರ ತರುವಾಯ ಮಗ, ಮೊಮ್ಮಗ, ಮರಿಮಗ, ಹೀಗೆ ನಾಲ್ಕು ತಲೆಮಾರು ಅಲ್ಲಿಯೇ ಸುತ್ತಿಗೆ ಹಿಡಿದಿತು. ಹಳೆಯ ಲೆಕ್ಕದ ಚೀಟಿಗಳು ಆ ಕೋಣೆಯ ಸೂರಿನಿಂದ ಗೊಂಚಲು ಗೊಂಚಲಾಗಿ ಜೋತುಬಿದ್ದಿವೆ.

ಬೆಳ್ಳಿಯ ತಗಡನ್ನು ಉಕ್ಕಿನ ಗೂಟದ ಮೇಲಿಟ್ಟು, ಬಡಿದು ಬಡಿದು ಬಟ್ಟಲನ್ನು ಎಬ್ಬಿಸಬೇಕು. ಬಡಿದಷ್ಟೂ ಬೆಳ್ಳಿ ಬಿರುಸಾಗುವುದು, ಕಾಸಿದರೆ ಮೆತ್ತಗಾಗುವುದು, ಕಾಸದೆ ಬಡಿಯುತ್ತ ಹೋದರೆ ಸೀಳುವುದು. ಯಾವಾಗ ನಿಲ್ಲಿಸಬೇಕು, ಯಾವಾಗ ಕಾಸಬೇಕು ಎಂಬುದನ್ನು ಗ್ರಂಥವು ಕಲಿಸಲಾರದು. ಬಲ್ಲವರ ಬಳಿ ಕುಳಿತೇ ಕಲಿಯಬೇಕು. 1000 ಪಾಲಿನಲ್ಲಿ 925 ಪಾಲು ಅಪ್ಪಟ ಬೆಳ್ಳಿಯಿದ್ದರೆ ಸಿಂಹದ ಮುದ್ರೆಯನ್ನೊತ್ತುವುದು ಇಂಗ್ಲೆಂಡಿನ ಪರೀಕ್ಷಾಲಯಗಳ ಸಂಪ್ರದಾಯ. ಆದರೆ ಕೈಯ ಪಳಗಿಕೆಯನ್ನು ಅಳೆಯಲು ಗುರುವಿನ ಕಣ್ಣೇ ಬೇಕು.

ಈ ಊರಿಗೂ ನಮ್ಮ ದೇಶಕ್ಕೂ ಒಂದು ನಂಟುಂಟು. ಕಲಾಮೀಮಾಂಸಕರಾದ ಆನಂದ ಕುಮಾರಸ್ವಾಮಿಯವರು ನೆರೆಯ ಬ್ರಾಡ್ ಕ್ಯಾಂಪ್ಡನ್ನಿನಲ್ಲಿ ಕೆಲಕಾಲ ವಾಸವಾಗಿದ್ದರು. ಪಾಳುಬಿದ್ದಿದ್ದ ಪುರಾತನ ಪ್ರಾರ್ಥನಾಮಂದಿರವೊಂದನ್ನು ಅವರಿಗೆ ಮನೆಯಾಗಿ ಅಣಿಗೊಳಿಸಿಕೊಟ್ಟವರು ಆಶ್‌ಬಿಯವರೇ. ಭಾರತದ ಕುಶಲಕರ್ಮಿಗಳನ್ನು ಕುರಿತು ಕುಮಾರಸ್ವಾಮಿಯವರು 1909ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ಮುನ್ನುಡಿಯನ್ನು ಬರೆದವರೂ ಅವರೇ. ತಮ್ಮ ಸಂಘವು ಮುಚ್ಚಿದ ಮರುವರ್ಷವೇ ಅವರು ನಮ್ಮ ಕಸುಬುದಾರರ ಪರವಾಗಿ ಲೇಖನಿ ಹಿಡಿದರೆಂಬುದು ಸ್ಮರಣೀಯ.

ಜೀವಮಾನವೆಲ್ಲ ಕರಿಹಲಗೆಯ ಮುಂದೆ ನಿಂತ ನಾವು, ಅಕ್ಷರದ ವಿದ್ಯೆಯೊಂದನ್ನೇ ವಿದ್ಯೆಯೆಂದು ಬಹುಕಾಲ ನಂಬಿದ್ದೆವು. ಹಾರ್ಟ್ ಮನೆತನದ ಕಥೆಯು ಆ ಭ್ರಮೆಯನ್ನು ಕಳೆಯಿತು. ಯಾರ ಮನೆಯಲ್ಲಿ ಕೈಕಸುಬು ಇನ್ನೂ ಉಳಿದಿದೆಯೋ ಅವರು ಅದನ್ನು ಕೀಳೆಂದೆಣಿಸದೆ, ಮಗನಿಗಾಗಲಿ ಮಗಳಿಗಾಗಲಿ, ಕೇಳಿ ಬಂದ ಶಿಷ್ಯನಿಗಾಗಲಿ ಕಲಿಸಿಕೊಡಲಿ. ಕೈಯಿಂದ ಒಮ್ಮೆ ಜಾರಿದ ವಿದ್ಯೆಯನ್ನು ಹಣ ಕೊಟ್ಟು ಮರಳಿ ತರಲಾಗದು.